ಶ್ರೀರಂಗಪಟ್ಟಣದ ಬಂದೂಕುಗಳ ಮೇಲಿನ ನಾಮಾಕ್ಷರಗಳು

ಕನ್ನಡ ನಾಡಿನ ಇತಿಹಾಸಕ್ಕೆ ಶಿಲಾಶಾಸನಗಳೂ ತಾಮ್ರಪಟಗಳೂ ಮೂಲಾಧಾರಗಳೆಂಬುದನ್ನು ವಿದ್ಯಾರ್ಥಿಗಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹದಿನೆಂಟನೆಯ ಶತಮಾನಕ್ಕೆ ಬಂದರೆ ಕಲ್ಲು ತಾಮ್ರಗಳ ಜೊತೆಗೆ ನಾಣ್ಯ, ಮುದ್ರೆ, ಫಿರಂಗಿ, ಖಡ್ಗ, ಬಂದೂಕುಗಳೂ ಬರೆಹವನ್ನು ಹೊತ್ತು ನಿಲ್ಲುತ್ತವೆ. ನಾಣ್ಯದ ಬರೆಹವನ್ನು ಓದುವ ವಿದ್ವಾಂಸರು ನಮ್ಮಲ್ಲಿದ್ದಾರೆ. ಬಂದೂಕಿನ ಬರೆಹವನ್ನಾದರೋ ಅಲಂಕಾರವೆಂದು ಬದಿಗಿಡುವುದೇ ವಾಡಿಕೆ. ಟೀಪು ಸುಲ್ತಾನನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ತಯಾರಾದ, ಬಾಯಿಯಿಂದ ಮದ್ದುಗುಂಡು ತುಂಬುವ ಚಕಮಕಿ ಬಂದೂಕುಗಳ ಮೇಲೆ ಕಾಣುವ ನಾಮಾಕ್ಷರಗಳು ಯಾರವು ಎಂಬ ಪ್ರಶ್ನೆಯೊಂದನ್ನೇ ಇಲ್ಲಿ ವಿಚಾರಿಸುತ್ತೇವೆ. ಪ್ರಶ್ನೆ ಚಿಕ್ಕದು. ಆದರೆ ಅದಕ್ಕೆ ತಪ್ಪು ಉತ್ತರ ಕೊಟ್ಟರೆ ಆಯುಧದ ಕಾಲವೇ ಹತ್ತು ಹದಿನೈದು ವರ್ಷ ಹಿಂದಕ್ಕೆ ಜಾರುತ್ತದೆ; ಒಬ್ಬ ದೊರೆಯ ಕಾರ್ಖಾನೆಯ ಕೆಲಸ ಇನ್ನೊಬ್ಬನ ಲೆಕ್ಕಕ್ಕೆ ಸೇರುತ್ತದೆ.

ಮೊದಲು ಯುರೋಪಿನ ಪದ್ಧತಿಯನ್ನು ಹೇಳಬೇಕು. ಏಕೆಂದರೆ ನಮ್ಮ ಬಂದೂಕುಗಳನ್ನು ವಿವರಿಸಿದವರಲ್ಲಿ ಬಹುಮಂದಿ ಆ ಪದ್ಧತಿಯ ಕಣ್ಣಿನಿಂದಲೇ ಅವನ್ನು ನೋಡಿದವರು. ಇಂಗ್ಲೆಂಡಿನ ಬೇಟೆಯ ಬಂದೂಕಿನಲ್ಲಿ, ನಳಿಗೆಯ ಹಿಂದೆ ಮರದ ಹಿಡಿ ಸಣ್ಣಗಾಗುವ ಕಡೆ, ಗುರಿಯಿಡುವಾಗ ಹೆಬ್ಬೆರಳು ಒರಗುವ ತಾಣದಲ್ಲಿ, ಮರವನ್ನು ತೋಡಿ ಒಂದು ಚಿಕ್ಕ ಬೆಳ್ಳಿಯ ತಗಡನ್ನು ಮೇಲ್ಮೈಗೆ ಸಮನಾಗಿ ಕೂರಿಸುತ್ತಿದ್ದರು. ಅಂಡಾಕಾರದ ಅಥವಾ ಗುರಾಣಿಯಾಕಾರದ ಈ ತಗಡಿನ ಮೇಲೆ ಕೊಂಡವನು ತನ್ನ ಕುಲಲಾಂಛನವನ್ನೋ ಹೆಸರಿನ ಮೊದಲಕ್ಷರಗಳನ್ನೋ ಕೆತ್ತಿಸಿಕೊಳ್ಳುವನು. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಜರ್ಮನ್ ಮೂಲದ ಕೋವಿಗಾರರು ಮಾಡಿದ ಉದ್ದನೆಯ ರೈಫಲುಗಳಲ್ಲಿಯೂ ಇಂತಹುದೇ ಕ್ರಮವನ್ನು ಕಾಣುತ್ತೇವೆ: ನಳಿಗೆಯ ಮೇಲೆ ಮಾಡಿದವನ ಹೆಸರು, ಹೆಬ್ಬೆರಳ ತಗಡಿನ ಮೇಲೆ ಒಡೆಯನ ಅಕ್ಷರ. ಆದುದರಿಂದ ಬಂದೂಕಿನ ಮೇಲೆ ಅಕ್ಷರ ಕಂಡೊಡನೆ ಒಡೆಯನನ್ನು ಹುಡುಕುವುದು ಪಾಶ್ಚಾತ್ಯ ಸಂಗ್ರಾಹಕನಿಗೆ ಸಹಜ.

ಸೈನ್ಯದ ಬಂದೂಕಿನ ಮಾತು ಬೇರೆ. ಅಲ್ಲಿ ಒಡೆಯನೆಂದರೆ ಸರ್ಕಾರ ಅಥವಾ ಕಂಪನಿ. ಈಸ್ಟ್ ಇಂಡಿಯಾ ಕಂಪನಿಯು ತನ್ನ ಬಂದೂಕುಗಳ ಚಕಮಕಿ ಯಂತ್ರದ ಫಲಕದ ಮೇಲೆ ನಾಲ್ಕು ಪಾಲಾದ ಹೃದಯಾಕೃತಿಯನ್ನು ಹಾಕಿಸಿ, ಆ ಪಾಲುಗಳಲ್ಲಿ 'ವಿ, ಇ, ಐ, ಸಿ' ಎಂಬ ಅಕ್ಷರಗಳನ್ನು ತುಂಬುತ್ತಿತ್ತು. ಇಲ್ಲಿ 'ವಿ' ಎಂಬುದು ಹಳೆಯ ಬರೆವಣಿಗೆಯಲ್ಲಿ 'ಯು'ವಿನ ರೂಪ. ಒಟ್ಟಿನಲ್ಲಿ ಯುನೈಟೆಡ್ ಈಸ್ಟ್ ಇಂಡಿಯಾ ಕಂಪನಿ ಎಂದರ್ಥ. ಸರಕಿನ ಮೂಟೆಗಳಿಗೆ ಹಾಕುತ್ತಿದ್ದ ಗುರುತೇ ಸೈನ್ಯದ ಗುರುತೂ ಆಯಿತೆಂಬುದು ಆ ಸಂಸ್ಥೆಯ ಚರಿತ್ರೆಯನ್ನು ಬಲ್ಲವರಿಗೆ ಆಶ್ಚರ್ಯವೆನಿಸದು. 1808ರಲ್ಲಿ ಈ ಹೃದಯವು ಹೋಗಿ ಅದರ ಸ್ಥಾನಕ್ಕೆ ಸಿಂಹವು ಬಂದಿತು.

ಈಗ ಶ್ರೀರಂಗಪಟ್ಟಣಕ್ಕೆ ಬರೋಣ. ಟೀಪುವು ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರಗಳಲ್ಲಿ 'ತಾರಾಮಂಡಲ' ಎಂಬ ಹೆಸರಿನ ಕಾರ್ಖಾನೆಗಳನ್ನು ನಡೆಸಿದನು. ಬೆಂಗಳೂರಿನ ತಾರಾಮಂಡಲಪೇಟೆ ಆ ಹೆಸರನ್ನು ಉಳಿಸಿಕೊಂಡಿದೆ. 1787ರಲ್ಲಿ ಹೊರಟ ಅವನ ರಾಯಭಾರಿಗಳು 1788ರ ಆಗಸ್ಟ್ ತಿಂಗಳಲ್ಲಿ ವರ್ಸೇಲ್ಸಿನಲ್ಲಿ ಹದಿನಾರನೆಯ ಲೂಯಿಯನ್ನು ಕಂಡು, ಸೈನ್ಯದ ನೆರವಿನ ಜೊತೆಗೆ ಕುಶಲಕರ್ಮಿಗಳನ್ನೂ ಬೇಡಿದರು. ಸೈನ್ಯವು ದೊರೆಯಲಿಲ್ಲ, ಕೆಲವು ಕುಶಲಕರ್ಮಿಗಳು ಬಂದರು. ಆದರೆ ಅರಮನೆಯ ಬಂದೂಕುಗಳ ಮೇಲಿನ ಹೆಸರುಗಳು ಫ್ರೆಂಚರವಲ್ಲ. ಸಯ್ಯದ್ ಮಾಸೂಮ್, ಅಸದ್ ಖಾನ್ ಮುಹಮ್ಮದ್ ಮೊದಲಾದವರು ತಮ್ಮ ಹೆಸರನ್ನೂ, 'ಪಟನ್' ಎಂದು ಊರನ್ನೂ, ವರ್ಷವನ್ನೂ ಪಾರಸಿ ಲಿಪಿಯಲ್ಲಿ ಬರೆದಿದ್ದಾರೆ. ಕಬ್ಬಿಣದ ಮೇಲೆ ಬೆಳ್ಳಿಯ ಹುಲಿಪಟ್ಟೆ, ಚಕಮಕಿ ಕಲ್ಲನ್ನು ಕಚ್ಚಿ ಹಿಡಿಯುವ ಹುಲಿ, ಅಲಿಯನ್ನು ದೇವರ ಸಿಂಹವೆಂದು ಹೊಗಳುವ ಅರಬ್ಬಿ ಮಾತನ್ನೇ ಹುಲಿಮುಖವಾಗಿ ಬಾಗಿಸಿದ ಬರೆಹ, ಇವೆಲ್ಲ ಆ ಕಮ್ಮಟದ ಕೈಗುರುತುಗಳು.

ವರ್ಷದ ಅಂಕಿಗಳ ವಿಷಯದಲ್ಲಿ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು. ಟೀಪುವು ಹಿಜರಿ ಶಕವನ್ನು ಬಿಟ್ಟು, ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಶಕವನ್ನು ಬಳಕೆಗೆ ತಂದನು. ಅದರ ವರ್ಷವು ನಮ್ಮ ಚಾಂದ್ರಸೌರಮಾನದಂತೆಯೇ ಯುಗಾದಿಗೆ ಹುಟ್ಟುತ್ತದೆ. ನಮ್ಮ ಅರವತ್ತು ಸಂವತ್ಸರಗಳಿಗೆ ಸರಿಯಾಗಿ ಅರವತ್ತು ಹೆಸರುಗಳನ್ನೂ ಅವನು ಇರಿಸಿದ್ದನು. ಮೌಲೂದಿ 1215 ಎಂದರೆ ಪ್ಲವಂಗ ಸಂವತ್ಸರ, ಕ್ರಿ. ಶ. 1787-88. ಸಾಮಾನ್ಯವಾಗಿ 572ನ್ನು ಕೂಡಿದರೆ ಕ್ರಿಸ್ತವರ್ಷದ ಆರಂಭ ದೊರೆಯುತ್ತದೆ. ಆದರೆ ಅಂಕಿಗಳನ್ನು ಲಿಪಿಯಂತೆ ಬಲದಿಂದ ಎಡಕ್ಕೆ ಬರೆಯುವ ಕ್ರಮವಿದ್ದುದರಿಂದ 1224 ಎಂಬುದು ಅರಿಯದವರ ಕಣ್ಣಿಗೆ 4221 ಎಂದು ಕಾಣುವುದು. ಇಂತಹ ವರ್ಷ ಯಾವ ಶಕದಲ್ಲಿಯೂ ಕೂಡುವುದಿಲ್ಲವಾದ್ದರಿಂದ ಓದುಗನು ಅದನ್ನು ಕೈಬಿಟ್ಟು ಅಕ್ಷರಗಳ ಆಸರೆಗೆ ಹೋಗುವನು. ತೊಡಕು ಹುಟ್ಟುವುದು ಅಲ್ಲಿಯೇ.

ಈ ಬಂದೂಕುಗಳ ನಳಿಗೆಯ ಮೇಲೆ ನಾಲ್ಕು ಪಾಲಾದ ಒಂದು ಚಿಕ್ಕ ಮುದ್ರೆಯಿರುವುದುಂಟು. ಪಾಲಿಗೊಂದರಂತೆ ಹೇ, ಯೇ, ದಾಲ್, ರೇ ಎಂಬ ಅಕ್ಷರಗಳು. ಕೂಡಿಸಿ ಓದಿದರೆ 'ಹೈದರ್'. ಒಡೆಯನ ಅಕ್ಷರವೆಂಬ ಯುರೋಪಿನ ನಿಯಮವನ್ನು ಇಲ್ಲಿ ಹಚ್ಚಿದರೆ ಇದು ಹೈದರಲ್ಲಿಯ ಬಂದೂಕೆಂದು ಹೇಳಬೇಕಾಗುತ್ತದೆ. ಹೈದರನು ತೀರಿಕೊಂಡದ್ದು 1782ರ ಡಿಸೆಂಬರ್ 7ರಂದು. ಮೌಲೂದಿ 1224 ಎಂದರೆ 1796-97. ಸತ್ತು ಹದಿನಾಲ್ಕು ವರ್ಷಗಳಾದ ಮೇಲೆ ಮಾಡಿದ ಆಯುಧಕ್ಕೆ ಅವನು ಒಡೆಯನಾಗಲಾರನು.

ನಾಣ್ಯಗಳನ್ನು ನೋಡಿದರೆ ಈ ಗಂಟು ಬಿಚ್ಚಿಕೊಳ್ಳುತ್ತದೆ. 1763ರಲ್ಲಿ ಬಿದನೂರನ್ನು ಗೆದ್ದ ಹೈದರನು ಅಲ್ಲಿಯ ಶಿವಪಾರ್ವತಿಯರ ವರಹವನ್ನು ಮುಂದುವರಿಸಿ, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವಾದ 'ಹೇ'ಯೊಂದನ್ನೇ ಅಚ್ಚುಹಾಕಿಸಿದನು. ಅವನಿಗೆ ಓದುಬರೆಹ ಬಾರದೆಂದೂ, ಈ ಒಂದಕ್ಷರವನ್ನಷ್ಟೇ ಕಲಿತಿದ್ದು ಅದನ್ನೂ ತಿರುವುಮುರುವಾಗಿ ಬರೆಯುತ್ತಿದ್ದನೆಂದೂ ವಿಲ್ಕ್ಸ್ ಹೇಳಿದ್ದಾನೆ. ವಿಲ್ಕ್ಸನು ಹೈದರನ ವಂಶದ ಮಿತ್ರನಲ್ಲವೆಂಬುದನ್ನು ನೆನಪಿನಲ್ಲಿಟ್ಟೇ ಈ ಮಾತನ್ನು ಸ್ವೀಕರಿಸಬೇಕು. ಮುಖ್ಯವಾದುದು ಮುಂದಿನ ಸಂಗತಿ. ಮಗನು ದೇವತೆಗಳ ಪ್ರತಿಮೆಯನ್ನು ಕೈಬಿಟ್ಟನು, ಶಕವನ್ನು ಬದಲಿಸಿದನು, ಊರುಗಳ ಹೆಸರನ್ನೂ ಅಳತೆ ತೂಕಗಳ ಹೆಸರನ್ನೂ ಬದಲಿಸಿದನು. ತಂದೆಯ 'ಹೇ'ಯನ್ನು ಮಾತ್ರ ಚಿನ್ನದ ನಾಣ್ಯದ ಮೇಲೆ ಹಾಗೆಯೇ ಉಳಿಸಿದನು. ಅವನ ನಾಣ್ಯಗಳ ಮೇಲೆ ಅವನ ಸ್ವಂತ ಹೆಸರೇ ಇಲ್ಲ. ಬಂದೂಕಿನ ಬರೆಹಗಳಲ್ಲಿಯೂ ಅವನು ಹಿಂದೂಸ್ಥಾನದ ಖುಸ್ರು ಎಂಬಂತಹ ಬಿರುದಿನಿಂದ ಕಾಣಿಸಿಕೊಳ್ಳುವುದುಂಟು. ಹೈದರ್ ಎಂದರೆ ಸಿಂಹ; ಅದು ಅಲಿಯ ಬಿರುದೂ ಹೌದು. ಹೀಗಾಗಿ ಒಂದೇ ಹೆಸರು ಪಿತೃಸ್ಮರಣೆಯೂ, ರಕ್ಷೆಯ ಮಂತ್ರವೂ, ಸರ್ಕಾರದ ಗುರುತೂ ಆಗಿ ಕೆಲಸ ಮಾಡಿತು. ಎದುರಾಳಿಯ ಹೃದಯಮುದ್ರೆಗೆ ಸರಿಯಾದ ಸ್ಥಾನದಲ್ಲಿ ಈ ಮುದ್ರೆ ನಿಂತಿದೆಯೆಂದು ನಾವು ತಿಳಿಯುತ್ತೇವೆ. ನಾಲ್ಕು ಪಾಲು ಮಾಡಿ ಅಕ್ಷರ ತುಂಬುವ ಕ್ರಮವೇ ಆ ಹೋಲಿಕೆಯನ್ನು ಸೂಚಿಸುತ್ತದೆ.

1799ರ ಮೇ 4ರಂದು ಪಟ್ಟಣವು ಬಿದ್ದ ಮೇಲೆ ಅರಮನೆಯ ಆಯುಧಗಳು ಲೂಟಿಯ ಪಾಲಾಗಿ ಹಂಚಿಹೋದವು. ಹೊಸ ಒಡೆಯರು ತಮ್ಮ ಪದ್ಧತಿಯಂತೆ ಬೆಳ್ಳಿಯ ಮೇಲೆ ಹೆಸರು, ಲಾಂಛನ, ಗೆಲುವಿನ ನೆನಪುಗಳನ್ನು ಬರೆಯಿಸಬಹುದಾಗಿತ್ತು. ಆದ್ದರಿಂದ ಒಂದೇ ಬಂದೂಕಿನಲ್ಲಿ ಎರಡು ಕಾಲದ ಅಕ್ಷರಗಳು ಬೆರೆತಿರಬಹುದು. ಅವನ್ನು ಬೇರ್ಪಡಿಸಲು ಲೋಹವೇ ಸಾಕ್ಷಿ. ಮುದ್ರೆಯೊತ್ತಿದಾಗ ಲೋಹವು ಅಕ್ಕಪಕ್ಕಕ್ಕೆ ಸರಿಯುವುದೇ ಹೊರತು ಕಡಿಮೆಯಾಗುವುದಿಲ್ಲ; ಉಳಿಯಿಂದ ಕೆತ್ತಿದಾಗ ಎಳೆಯೆಳೆಯಾಗಿ ಎದ್ದುಹೋಗುತ್ತದೆ. ಕಬ್ಬಿಣದಲ್ಲಿ ಬೆಳ್ಳಿಯನ್ನು ಕೂರಿಸುವುದು ಮೂರನೆಯ ಬಗೆ: ಗೆರೆಯನ್ನು ತೋಡಿ, ಅದರ ಅಂಚನ್ನು ಒಳಗೆ ಅಗಲಿಸಿ, ತಂತಿಯನ್ನು ಬಡಿದು ತುಂಬುವರು, ಇಲ್ಲವೇ ಮೇಲ್ಮೈಯನ್ನು ಅರದಂತೆ ಒರಟುಮಾಡಿ ತೆಳುವಾದ ಬೆಳ್ಳಿಯನ್ನು ಬಡಿದು ಹಿಡಿಸುವರು. ಬೀದರಿನ ಬಿದರಿ ಕೆಲಸವನ್ನು ಕಂಡವರಿಗೆ ಮೊದಲನೆಯ ರೀತಿ ಬೇಗ ಅರ್ಥವಾಗುತ್ತದೆ, ಅಲ್ಲಿಯ ಲೋಹ ಸತುವು ತಾಮ್ರಗಳ ಮಿಶ್ರಣವಾದರೂ.

ಅಕ್ಷರವು ಮೂಲದ್ದಾದರೆ ಬಳ್ಳಿಯೂ ಹುಲಿಪಟ್ಟೆಯೂ ಅದಕ್ಕೆ ಜಾಗ ಬಿಟ್ಟು ಸುತ್ತಿ ಹೋಗಿರುತ್ತವೆ. ಆಮೇಲೆ ಸೇರಿಸಿದ್ದಾದರೆ ಅಕ್ಷರವೇ ಅವನ್ನು ತುಳಿದುಕೊಂಡು ಹೋಗುತ್ತದೆ. ಬೆಳ್ಳಿ ಮೃದುವಾದುದರಿಂದ ಉಜ್ಜಿ ಉಜ್ಜಿ ಸವೆಯುವುದು ಬೇಗ. ಸುತ್ತಲಿನ ಬಳ್ಳಿ ಮಸುಕಾಗಿದ್ದು ನಡುವಿನ ಅಕ್ಷರ ಮಾತ್ರ ಹರಿತವಾಗಿದ್ದರೆ ಅದರ ವಯಸ್ಸು ಕಡಿಮೆಯೆಂದೇ ಅನುಮಾನಿಸಬೇಕು. ಹಿಂದಿನ ಅಕ್ಷರವನ್ನು ಅಳಿಸಿ ಬೇರೆಯದನ್ನು ಬರೆದ ಕಡೆ ತಗಡು ತೆಳುವಾಗಿ, ಬೆರಳಾಡಿಸಿದರೆ ತಿಳಿಯುವಷ್ಟು ತಗ್ಗು ಉಳಿದಿರುತ್ತದೆ. ಇವು ದೊಡ್ಡ ಉಪಕರಣಗಳನ್ನು ಬೇಡುವ ಪರೀಕ್ಷೆಗಳಲ್ಲ. ಒಂದು ಭೂತಗನ್ನಡಿಯೂ ಓರೆಯಾಗಿ ಬೀಳುವ ಬೆಳಕೂ ಸಾಕು. ಚಿತ್ರದಲ್ಲಿ ಮಾತ್ರ ನೋಡಿ ನಿರ್ಣಯಿಸುವುದು ಸರಿಯಲ್ಲ.

ಆದರೆ ನೋಡಬೇಕಾದ ವಸ್ತುಗಳಲ್ಲಿ ಬಹಳಷ್ಟು ಸಮುದ್ರದಾಚೆ ಇವೆ. ವಿಂಡ್ಸರಿನ ರಾಜಸಂಗ್ರಹದಲ್ಲಿ ಕೆಲವಿವೆ. ಟೀಪುವಿನ ಬಂದೂಕುಗಳ ಬಗ್ಗೆ 1992ರಲ್ಲಿ ಗ್ರಂಥವನ್ನು ಪ್ರಕಟಿಸಿದ ರಾಬಿನ್ ವಿಗಿಂಗ್ಟನ್ ಅವರ ಸಂಗ್ರಹವು 2015ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಹರಾಜಾದಾಗ, ಅಸದ್ ಖಾನ್ ಮುಹಮ್ಮದನ ಕೈಯ ಒಂದು ಬಂದೂಕು 7,22,500 ಪೌಂಡುಗಳಿಗೆ ಮಾರಾಟವಾಯಿತು. ಇಷ್ಟು ಬೆಲೆ ಬಾಳುವ ಬೆಳ್ಳಿಯ ಮೇಲೆ ಹೊಸ ಅಕ್ಷರಗಳನ್ನು ಮೂಡಿಸುವ ಆಸೆ ಯಾರಿಗಾದರೂ ಹುಟ್ಟಬಹುದು. ಅಂತಹವರು 'ಹೈದರ್' ಎಂಬ ಮುದ್ರೆಯ ಪಕ್ಕದಲ್ಲಿ ಹಿಜರಿ ವರ್ಷವನ್ನು ಎಡದಿಂದ ಬಲಕ್ಕೆ ಬರೆದು, ಹೈದರನ ಆಳ್ವಿಕೆಗೆ ಸರಿಹೊಂದಿಸಿಬಿಡುವುದು ಅಸಂಭವವಲ್ಲ.