ಹಂಡೆ, ಗೀಜರ್, ಸೋಲಾರ್: ನಮ್ಮ ಬಿಸಿನೀರಿನ ಕಥೆ

ಫೋಟೋ 1. ಚಾಮರಾಜಪೇಟೆಯ ಒಂದು ತಾಮ್ರದ ಹಂಡೆ

ಈಗ ಇದರಲ್ಲಿ ಮನಿ ಪ್ಲಾಂಟ್ ಇದೆ. ಒಂದು ಕಾಲದಲ್ಲಿ ಇಡೀ ಮನೆಗೆ ಬಿಸಿನೀರು ಕೊಡ್ತಿದ್ದದ್ದು ಇದೇ.

ಬೆಂಗಳೂರಿನ ಮನೆಗೆ ಹೀಟಿಂಗ್ ಯಾಕೆ ಅಂತ ನೀವು ನಗಬಹುದು. ದೆಹಲಿಯವರ ಥರ ರೂಮ್ ಹೀಟರ್ ಇಡೋ ಚಳಿ ನಮ್ಮಲ್ಲಿಲ್ಲ. ಆದರೆ ವರ್ಷದ 365 ದಿನವೂ ನಾವು ಕಾಯಿಸೋದು ಒಂದಿದೆ, ಸ್ನಾನದ ನೀರು. ನಮ್ಮೂರಲ್ಲಿ ‘ಹೋಮ್ ಹೀಟಿಂಗ್’ ಅಂದ್ರೆ ಅದೇ.

ಚಾಮರಾಜಪೇಟೆ ಶುರುವಾಗಿದ್ದು 1892ರಲ್ಲಿ. 1898ರ ಪ್ಲೇಗ್ ಬಂದಮೇಲೆ ಪೇಟೆಯ ಇಕ್ಕಟ್ಟಿನಿಂದ ಜನ ಬಸವನಗುಡಿ, ಮಲ್ಲೇಶ್ವರದ ಕಡೆ ಹೊರಟರು. ಗಾಳಿ ಬೆಳಕು ಆಡಲಿ ಅಂತಲೇ ಹಾಕಿದ ಬಡಾವಣೆಗಳು ಇವು. ಎತ್ತರದ ಸೂರು, ಮೇಲೆ ವೆಂಟಿಲೇಟರ್, ಮಂಗಳೂರು ಹೆಂಚು, ದಪ್ಪ ಗೋಡೆ, ಕೆಂಪು ನೆಲ. ಬೇಸಿಗೇಲಿ ತಂಪು ಮಾಡೋ ಕೆಲಸವನ್ನ ಮನೆಯೇ ಮಾಡ್ತಿತ್ತು, ಕರೆಂಟ್ ಬೇಕಿರಲಿಲ್ಲ.

ಬೆಂಕಿ ಬೇಕಿದ್ದದ್ದು ಅಡುಗೆಗೆ ಮತ್ತು ಬಚ್ಚಲಿಗೆ. ಬಚ್ಚಲೊಲೆಗೆ ಸೌದೆ, ತೆಂಗಿನ ಗರಿ, ಒಣಗಿದ ಚಿಪ್ಪು, ಮರದ ಹೊಟ್ಟು, ಸಿಕ್ಕಿದ್ದೆಲ್ಲ ಹೋಗ್ತಿತ್ತು. ದುಡ್ಡು ಕಡಿಮೆ, ಹೊಗೆ ಜಾಸ್ತಿ. ಬೆಳಗಿನ ಜಾವ ಎದ್ದು ಒಲೆ ಹಚ್ಚಿ, ಕಣ್ಣೀರು ಸುರಿಸ್ತಾ ಊದುತ್ತಾ ಕೂರ್ತಿದ್ದದ್ದು ಮನೆಯ ಹೆಂಗಸರು. ‘ಹಳೇ ಕಾಲವೇ ಚೆನ್ನ’ ಅನ್ನೋರು ಈ ಲೆಕ್ಕ ಬರೆಯೋದೇ ಇಲ್ಲ ನೋಡಿ.

ಫೋಟೋ 2. ಗೀಜರ್

ಶಿವನಸಮುದ್ರದ ವಿದ್ಯುತ್ 1902ರಲ್ಲಿ ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರ ಆಗಸ್ಟ್‌ನಲ್ಲಿ. 1960ರ ದಶಕದಲ್ಲಿ ಶರಾವತಿ ಕರೆಂಟ್ ಬಂತು. ರಾಯಚೂರಿನ ಕಲ್ಲಿದ್ದಲು ಸ್ಥಾವರ 1985ರಲ್ಲಿ ಶುರುವಾಗೋವರೆಗೂ ನಮ್ಮ ರಾಜ್ಯ ನಂಬಿದ್ದದ್ದು ನೀರನ್ನೇ. ಮಳೆ ಬಂದರೆ ಕರೆಂಟ್, ಬರದಿದ್ದರೆ ಕಟ್.

ಆ ಕರೆಂಟ್ ಅಗ್ಗ ಅನ್ನೋ ಕಾಲದಲ್ಲೇ ಬಚ್ಚಲಿಗೆ ಕಾಯಿಲ್ ಬಂತು, ಆಮೇಲೆ ಗೀಜರ್ ಬಂತು. ಹೊಗೆ ಹೋಯ್ತು. ಅದು ಸಣ್ಣ ವಿಷಯ ಅಲ್ಲ. ಆದರೆ 2 ಕಿಲೋವ್ಯಾಟ್ ಗೀಜರ್ ಒಂದನ್ನ ಹಾಕಿದ್ರೆ 40 ವ್ಯಾಟಿನ 50 ಬಲ್ಬ್ ಹೊತ್ತಿಸಿದ ಹಾಗೆ. ಅದನ್ನ ಇಡೀ ಊರು ಬೆಳಿಗ್ಗೆ ಆರರಿಂದ ಎಂಟರೊಳಗೆ ಒಟ್ಟಿಗೇ ಹಾಕುತ್ತೆ! ಆ ಎರಡು ಗಂಟೆಗೋಸ್ಕರ ಸರ್ಕಾರ ವಿದ್ಯುತ್ ಸ್ಥಾವರ ಕಟ್ಟಿಡಬೇಕು. ಒಂದು ದಿನದ ಮದುವೆಗೆ ವರ್ಷವಿಡೀ ಛತ್ರ ಬಾಡಿಗೆಗೆ ಹಿಡಿದ ಹಾಗೆ.

ಫೋಟೋ 3. ಟಾಟಾ ಇನ್‌ಸ್ಟಿಟ್ಯೂಟ್

ಮಲ್ಲೇಶ್ವರದ ಪಕ್ಕದಲ್ಲೇ ಇರೋ ಐಐಎಸ್‌ಸಿಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿ ಅಂತ ಇದ್ದರು. ಎಲೆಕ್ಟ್ರೋಕೆಮಿಸ್ಟ್ರಿ ಅವರ ವಿಷಯ. 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ ‘ಅಸ್ತ್ರ’ ಕೇಂದ್ರ ಶುರು ಮಾಡಿದರು. ಹೊಗೆ, ಸೌದೆ ಎರಡನ್ನೂ ಕಡಿಮೆ ಮಾಡೋ ಅಸ್ತ್ರ ಒಲೆ ಬಂದದ್ದು ಅಲ್ಲಿಂದ.

1987ರ ಹೊತ್ತಿಗೆ ಸರ್ಕಾರದ ಒಂದು ಸಮಿತಿ, 2000ನೇ ಇಸವಿಗೆ ಕರ್ನಾಟಕಕ್ಕೆ ಎಷ್ಟು ಕರೆಂಟ್ ಬೇಕು ಅಂತ ದೊಡ್ಡ ಯೋಜನೆ ಬರೀತು. ರೆಡ್ಡಿ ಮತ್ತು ಜೊತೆಗಾರರು 1991ರಲ್ಲಿ ‘ಡಿಫೆಂಡಸ್’ ಅನ್ನೋ ಪರ್ಯಾಯ ಲೆಕ್ಕವನ್ನೇ ಪ್ರಕಟಿಸಿದರು. ಅವರು ಕೇಳಿದ ಪ್ರಶ್ನೆ ನನಗೆ ಬಹಳ ಇಷ್ಟ. ಜನಕ್ಕೆ ಬೇಕಾಗಿರೋದು ಯೂನಿಟ್ಟಾ, ಇಲ್ಲಾ ಬಿಸಿನೀರಾ? ಬಿಸಿನೀರೇ ಆದರೆ, ಕರೆಂಟ್ ಗೀಜರ್ ಬದಲು ಸೋಲಾರ್ ಹಾಕಿ, ಬಲ್ಬ್ ಬದಲಾಯಿಸಿ, ಪಂಪ್‌ಸೆಟ್ ಸರಿಮಾಡಿ. ಆಮೇಲೆ ಎಷ್ಟು ಸ್ಥಾವರ ಬೇಕು ಅಂತ ಲೆಕ್ಕ ಹಾಕಿ. ನಮ್ಮ ಕಾಸ್ಟ್ ಅಕೌಂಟಿಂಗ್ ಪುಸ್ತಕಕ್ಕೆ ಹಾಕಬೇಕಾದ ಪಾಠ ಇದು.

(1995ರಲ್ಲಿ ಬೆಂಗಳೂರಲ್ಲಿ ಸೆಲ್ಕೋ ಶುರುಮಾಡಿ, ಹಳ್ಳಿ ಮನೆಗಳಿಗೆ ಸೋಲಾರ್ ದೀಪ ಕೊಟ್ಟು, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರ ಹೆಸರು ಹರೀಶ್ ಹಂಡೆ. ಇದು ನಾನು ಮಾಡಿದ ಜೋಕ್ ಅಲ್ಲ!)

ಫೋಟೋ 4. ಬಸವನಗುಡಿಯ ಟೆರೇಸ್

ಗಾಜಿನ ಕೆಳಗೆ ಕಪ್ಪು ತಗಡು, ಅದಕ್ಕೆ ಅಂಟಿದ ತಾಮ್ರದ ಕೊಳವೆ, ಮೇಲೊಂದು ಟ್ಯಾಂಕ್. ಕಾದ ನೀರು ಹಗುರವಾಗಿ ತಾನಾಗೇ ಮೇಲೇರುತ್ತೆ, ತಣ್ಣೀರು ಕೆಳಗಿಳಿಯುತ್ತೆ. ಮೋಟರ್ ಬೇಡ, ಸ್ವಿಚ್ ಬೇಡ.

ಜನ ಪರಿಸರ ಪ್ರೇಮದಿಂದ ಇದನ್ನ ಹಾಕಿಸಿದರು ಅಂತ ನಾನಂತೂ ನಂಬಲ್ಲ. 2007ರ ನವೆಂಬರ್‌ನಲ್ಲಿ ಸರ್ಕಾರಿ ಆದೇಶ ಬಂತು. ನಗರಗಳಲ್ಲಿ 600 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ಮನೆ ಕಟ್ಟಿದ್ರೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ. ಹಾಕಿಸಿದವರಿಗೆ ಬಿಲ್ಲಲ್ಲಿ ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ. ಐವತ್ತು ರೂಪಾಯಿ ಈಗ ಒಂದು ಮಸಾಲೆ ದೋಸೆಗೂ ಸಾಲಲ್ಲ, ಆದರೂ ಬಿಲ್ಲಲ್ಲಿ ಆ ಸಾಲು ನೋಡೋಕೆ ಮನೇಲಿ ಎಲ್ಲರಿಗೂ ಖುಷಿ. ನಿಯಮ, ಬೆಲೆ ಎರಡೂ ಒಂದೇ ದಿಕ್ಕಿಗೆ ಎಳೆದಾಗ ಊರು ಬದಲಾಯ್ತು.

ಫೋಟೋ 5. ಅದೇ ಟೆರೇಸ್, ಮಧ್ಯಾಹ್ನ, ಪಕ್ಕದ ಬಿಲ್ಡಿಂಗಿನ ನೆರಳು

ಈಗ ಕ್ಯಾಲ್ಕುಲೇಟರ್ ತೆಗೀರಿ. ನಾಲ್ಕು ಜನ, ತಲೆಗೆ 25 ಲೀಟರ್, ಒಟ್ಟು 100 ಲೀಟರ್. ಅದನ್ನ 25 ಡಿಗ್ರಿ ಬಿಸಿ ಮಾಡೋಕೆ ಸುಮಾರು 3 ಯೂನಿಟ್ ಬೇಕು. ತಿಂಗಳಿಗೆ 90.

2023ರ ಆಗಸ್ಟ್‌ನಿಂದ ಗೃಹಜ್ಯೋತಿ ಬಂತು, 200 ಯೂನಿಟ್‌ವರೆಗೆ ಉಚಿತ. ಸಂಬಳ ಸಾಲದ ಮನೆಗೆ ಅದು ನಿಜವಾದ ಆಸರೆ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಶುರುವಾದಾಗಿನ ಸೂತ್ರ ನೋಡಿ: ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ 10%. ಗೀಜರ್ ಹಾಕಿ 180 ಉರಿಸ್ತಿದ್ದ ಮನೆಗೆ 198 ಉಚಿತ. ಸೋಲಾರ್ ಹಾಕಿ 90ಕ್ಕೆ ಇಳಿಸಿಕೊಂಡ ಮನೆಗೆ 99 ಮಾತ್ರ. ಮೊದಲಿಂದ ಉಳಿಸಿದವರಿಗೆ ಕಡಿಮೆ ಸಿಕ್ತು. ಗೀಜರ್ ಮನೆಯವರಿಗೂ ಇನ್ನು ಸೋಲಾರ್ ಹಾಕಿಸೋಕೆ ಕಾರಣ ಇಲ್ಲ, ಬಿಲ್ ಆಗಲೇ ಸೊನ್ನೆ. ಪ್ಯಾನೆಲ್ ಕೆಟ್ಟರೆ ರಿಪೇರಿಗೆ ಯಾರು ದುಡ್ಡು ಹಾಕ್ತಾರೆ?

ಇನ್ನೊಂದು ತೊಂದರೆ ಈ ಫೋಟೋದಲ್ಲೇ ಇದೆ. ಹೆಂಚಿನ ಮನೆ ಕೆಡವಿ ನಾಲ್ಕು ಮಹಡಿ ಎದ್ದರೆ ಪಕ್ಕದವರ ಬಿಸಿಲೇ ಹೋಗುತ್ತೆ. ಆ ನಾಲ್ಕು ಮಹಡಿಯಲ್ಲೂ ಟೆರೇಸ್ ಒಂದೇ, ಪಾಲುದಾರರು ಹಲವರು. ಕೆಳಗಿನ ಮನೆಯವರು ಬಿಸಿನೀರು ಬರೋವರೆಗೆ ಎರಡು ಬಕೆಟ್ ತಣ್ಣೀರು ಬಿಡಬೇಕು. ಕರೆಂಟ್ ಉಳಿಸೋಕೆ ಹೋಗಿ ಕಾವೇರಿ ಚರಂಡಿಗೆ!

ಇಂಥ ಮನೆಗಳಿಗೆ ಹೀಟ್ ಪಂಪ್ ಅನ್ನೋ ದಾರಿ ಇದೆ. ಫ್ರಿಡ್ಜ್ ಒಳಗಿನ ಬಿಸಿಯನ್ನ ಹಿಂದೆ ಬಿಡುತ್ತಲ್ಲ, ಅದೇ ತತ್ವ. ಸುತ್ತಲ ಗಾಳಿಯ ಬಿಸಿಯನ್ನ ಎಳೆದು ನೀರಿಗೆ ಕೊಡುತ್ತೆ. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್‌ನಷ್ಟು ಬಿಸಿ. ಬೆಂಗಳೂರಿನ ಗಾಳಿ ಯಾವತ್ತೂ ಕೊರೆಯುವಷ್ಟು ತಣ್ಣಗಾಗಲ್ಲ, ಹಾಗಾಗಿ ಇಲ್ಲಿಗೆ ಚೆನ್ನಾಗಿ ಒಗ್ಗುತ್ತೆ. ಬಿಸಿಲೂ ಬೇಡ, ಇಡೀ ಟೆರೇಸೂ ಬೇಡ. ಬೆಲೆ ಮಾತ್ರ ಗೀಜರ್‌ಗಿಂತ ತುಂಬಾ ಜಾಸ್ತಿ. ಬಿಲ್ ಸೊನ್ನೆ ಇರೋ ಮನೆಯವರಿಗೆ ಅದನ್ನ ಮಾರೋದು ಹೇಗೆ ಅಂತ ನಮ್ಮ ಮಾರ್ಕೆಟಿಂಗ್ ಕ್ಲಾಸಲ್ಲಿ ಕೇಳಿ ನೋಡಬೇಕು.

ಅಷ್ಟರಲ್ಲಿ ನೀವೊಂದು ಕೆಲಸ ಮಾಡಿ. ನಿಮ್ಮ ಟೆರೇಸ್ ಹತ್ತಿ ಸೋಲಾರ್ ಇದೆಯಾ, ಇದ್ದರೆ ಓಡ್ತಿದೆಯಾ ನೋಡಿ. ಅಜ್ಜಿ ಇದ್ದರೆ ನೀರು ತುಂಬೋ ಹಬ್ಬದ ದಿನ ಹಂಡೆಗೆ ಏನೇನು ಅಲಂಕಾರ ಮಾಡ್ತಿದ್ರು ಅಂತ ಕೇಳಿ. ಎರಡನ್ನೂ ನನಗೆ ಕಳಿಸಿ, ಮುಂದಿನ ಭಾಗ ಅದರ ಮೇಲೆಯೇ.

#ಹಳೆಬೆಂಗಳೂರು #ಬಚ್ಚಲೊಲೆ