ಹಲಸಿ (ಪಲಾಶಿಕಾ)

ಹಲಸಿಯು ಕರ್ನಾಟಕದ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿರುವ ಒಂದು ಗ್ರಾಮ. ಪ್ರಾಚೀನ ಕಾಲದಲ್ಲಿ ಪಲಾಶಿಕಾ ಎಂಬ ಹೆಸರಿನ ನಗರವಾಗಿದ್ದ ಇದು ಬನವಾಸಿಯ ಕದಂಬರ ಎರಡನೆಯ ರಾಜಧಾನಿಯಾಗಿತ್ತು. ಮುಂದೆ 11ರಿಂದ 13ನೆಯ ಶತಮಾನದವರೆಗೆ ಗೋವೆಯ ಕದಂಬರ ಆಳ್ವಿಕೆಯಲ್ಲಿ 'ಪಲಸಿಗೆ-12000' ಎಂಬ ದೊಡ್ಡ ನಾಡಿಗೆ ತನ್ನ ಹೆಸರನ್ನು ನೀಡಿತು. 5 ಮತ್ತು 6ನೆಯ ಶತಮಾನಗಳ ಏಳು ತಾಮ್ರಶಾಸನಗಳು ಹಾಗೂ 12ನೆಯ ಶತಮಾನದ ಭೂವರಾಹ ನರಸಿಂಹ ದೇವಾಲಯ ಈ ಊರಿನ ಇತಿಹಾಸಕ್ಕೆ ಮುಖ್ಯ ಆಧಾರಗಳಾಗಿವೆ. ಕರ್ನಾಟಕದಲ್ಲಿ ರಾಜಧಾನಿಯೊಂದು ಹಂತಹಂತವಾಗಿ ಹಳ್ಳಿಯಾದ ಬಗೆಯನ್ನು ತಿಳಿಯಲು ಹಲಸಿ ಉತ್ತಮ ನಿದರ್ಶನವಾಗಿದೆ.

ಹೆಸರು

ಸಂಸ್ಕೃತ ತಾಮ್ರಶಾಸನಗಳಲ್ಲಿ ಊರಿನ ಹೆಸರು 'ಪಲಾಶಿಕಾ' ಎಂದಿದೆ. ಇದು ಪಲಾಶ, ಅಂದರೆ ಮುತ್ತುಗದ ಮರದ ಹೆಸರಿನಿಂದ ಬಂದುದೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ನಂತರದ ಶಾಸನಗಳಲ್ಲಿ ಇದೇ ಹೆಸರು 'ಪಲಸಿಗೆ' ಎಂದೂ 'ಹಲಸಿಗೆ' ಎಂದೂ ಕಾಣಿಸಿಕೊಳ್ಳುತ್ತದೆ. ಹಳಗನ್ನಡದ ಪದಗಳ ಆದಿಯ ಪಕಾರವು ನಡುಗನ್ನಡದಲ್ಲಿ ಹಕಾರವಾಗುವುದು ಕನ್ನಡ ಭಾಷೆಯ ಒಂದು ಪ್ರಸಿದ್ಧ ಧ್ವನಿವ್ಯತ್ಯಾಸ. ಪಾಲು 'ಹಾಲು' ಆದಂತೆ, ಪುಲಿ 'ಹುಲಿ' ಆದಂತೆ ಪಲಸಿಗೆಯು ಹಲಸಿಗೆಯಾಗಿ, ಕೊನೆಗೆ ಹಲಸಿಯಾಯಿತು. ನಗರದ ವೈಭವ ಅಳಿದ ಮೇಲೂ ಹೆಸರು ಜನರ ಬಾಯಲ್ಲಿ ಉಳಿದುಕೊಂಡಿತು. ಹೀಗೆ ಉಳಿದ ಕಾರಣದಿಂದಲೇ ಶಾಸನೋಕ್ತ ಪಲಾಶಿಕೆಯನ್ನು ಇಂದಿನ ಹಲಸಿಯೊಡನೆ ಗುರುತಿಸುವುದು ವಿದ್ವಾಂಸರಿಗೆ ಕಷ್ಟವಾಗಲಿಲ್ಲ.

ಭೌಗೋಳಿಕ ನೆಲೆ

ಹಲಸಿಯು ಬೆಳಗಾವಿ ನಗರದಿಂದ ಸುಮಾರು 40 ಕಿ.ಮೀ. ಹಾಗೂ ತಾಲೂಕು ಕೇಂದ್ರವಾದ ಖಾನಾಪುರದಿಂದ ಸುಮಾರು 14 ಕಿ.ಮೀ. ದೂರದಲ್ಲಿದೆ. ಬೆಳಗಾವಿಯಿಂದ ದಕ್ಷಿಣಕ್ಕೆ ಹೊರಡುವ ಗೋವಾ ರಸ್ತೆಯು ನಗರದ ಅಂಚಿನ ಪೀರನವಾಡಿ ಮತ್ತು ಮಚ್ಛೆಗಳನ್ನು ದಾಟಿ ಖಾನಾಪುರವನ್ನು ತಲುಪುತ್ತದೆ. ಅಲ್ಲಿಂದ ನಂದಗಡದ ಮಾರ್ಗವಾಗಿ ಹಲಸಿಗೆ ಹೋಗಬಹುದು.

ಖಾನಾಪುರ ತಾಲೂಕು ಪಶ್ಚಿಮ ಘಟ್ಟದ ಸೆರಗಿನಲ್ಲಿದ್ದು, ಹೆಚ್ಚು ಮಳೆ ಬೀಳುವ ಪ್ರದೇಶವಾಗಿದೆ. ಮಲಪ್ರಭಾ ನದಿಯು ಇದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ. ತಾಲೂಕಿನ ಪಶ್ಚಿಮಕ್ಕೆ ಘಟ್ಟದ ಕಾಡು, ಅದರಾಚೆ ಕೊಂಕಣ ಕರಾವಳಿ; ಪೂರ್ವಕ್ಕೆ ಬಯಲುಸೀಮೆ. ಕರಾವಳಿಗೂ ಒಳನಾಡಿಗೂ ನಡುವಣ ಈ ನೆಲೆ ಪಲಾಶಿಕೆಯ ಏಳಿಗೆಗೂ ಇಳಿಕೆಗೂ ಸಂಬಂಧಿಸಿದೆ.

ತಾಮ್ರಶಾಸನಗಳ ಶೋಧ

19ನೆಯ ಶತಮಾನದಲ್ಲಿ ಹಲಸಿಯ ಹೊರವಲಯದಲ್ಲಿ, ನಂದಗಡದ ದಾರಿಯಲ್ಲಿರುವ ಚಕ್ರತೀರ್ಥವೆಂಬ ಸಣ್ಣ ಬಾವಿಯ ಬಳಿಯ ಮಣ್ಣಿನ ದಿಬ್ಬದಲ್ಲಿ ಏಳು ತಾಮ್ರಶಾಸನಗಳು ದೊರೆತವು. ಮುಂಬಯಿ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ಶಾಸನತಜ್ಞ ಜೆ. ಎಫ್. ಫ್ಲೀಟ್ ಅವರು ಇವುಗಳನ್ನು ಓದಿ, 1877ರಲ್ಲಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯ ಆರನೆಯ ಸಂಪುಟದಲ್ಲಿ ಪ್ರಕಟಿಸಿದರು. ಶಾಸನಗಳ ಭಾಷೆ ಸಂಸ್ಕೃತ. ಲಿಪಿ ಕನ್ನಡ ಲಿಪಿಯ ಪೂರ್ವರೂಪ.

ಈ ಏಳೂ ಶಾಸನಗಳು ದಾನಪತ್ರಗಳು. ಹೊಲವೊಂದನ್ನು ಅಥವಾ ಗ್ರಾಮವೊಂದನ್ನು ಯಾರು, ಯಾರಿಗೆ, ಯಾವ ಉದ್ದೇಶಕ್ಕೆ ಕೊಟ್ಟರೆಂಬುದನ್ನು ದಾಖಲಿಸುವುದೇ ಅವುಗಳ ಗುರಿ. ನಗರದ ಕೋಟೆ, ಬೀದಿ, ಅರಮನೆಗಳ ವರ್ಣನೆ ಅವುಗಳಲ್ಲಿಲ್ಲ. ಆದರೂ ಪಲಾಶಿಕೆಯ ಅರಸರು, ಅಧಿಕಾರಿಗಳು, ದೇವಾಲಯಗಳು ಮತ್ತು ಹಬ್ಬಗಳ ಬಗ್ಗೆ ತಿಳಿದಿರುವ ಬಹುಪಾಲು ಸಂಗತಿಗಳು ಈ ಭೂದಾಖಲೆಗಳಿಂದಲೇ ಬಂದಿವೆ. ಏಳೂ ಶಾಸನಗಳು ಜೈನ ಧರ್ಮಕ್ಕೆ ಸಂಬಂಧಿಸಿದ ದತ್ತಿಗಳಾಗಿದ್ದು, ಒಂದೇ ಕಡೆ ದೊರೆತಿರುವುದು ಗಮನಾರ್ಹ.

ಬನವಾಸಿಯ ಕದಂಬರ ಕಾಲ

ಕಾಕುಸ್ಥವರ್ಮ

ಏಳರಲ್ಲಿ ಅತ್ಯಂತ ಹಳೆಯದು 5ನೆಯ ಶತಮಾನದ ಕಾಕುಸ್ಥವರ್ಮನದು. ಇದರಲ್ಲಿ ಆತನನ್ನು 'ಯುವರಾಜ' ಎಂದು ಕರೆಯಲಾಗಿದೆ. ಖೇಟಗ್ರಾಮದಲ್ಲಿದ್ದ ಬದೋವರವೆಂಬ ಹೊಲವನ್ನು ಆತನು ಸೇನಾಪತಿ ಶ್ರುತಕೀರ್ತಿಗೆ ಪಲಾಶಿಕೆಯಲ್ಲಿದ್ದಾಗ ಕೊಟ್ಟನು. ಶಾಸನದಲ್ಲಿ ಹೇಳಿರುವ 80ನೆಯ ವರ್ಷವು ಯಾವ ಗಣನೆಯದು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಯುವರಾಜನು ಇಲ್ಲಿ ನೆಲೆಸಿದ್ದನೆಂಬ ಸಂಗತಿಯು ಆ ವೇಳೆಗಾಗಲೇ ಪಲಾಶಿಕೆಯು ರಾಜ್ಯದ ಉತ್ತರ ಭಾಗದ ಆಡಳಿತ ಕೇಂದ್ರವಾಗಿತ್ತೆಂಬುದನ್ನು ಸೂಚಿಸುತ್ತದೆ.

ಮೃಗೇಶವರ್ಮ

ಕಾಕುಸ್ಥವರ್ಮನ ಮೊಮ್ಮಗ ಮೃಗೇಶವರ್ಮನು ತನ್ನ ತಂದೆ ಶಾಂತಿವರ್ಮನ ನೆನಪಿಗಾಗಿ ಪಲಾಶಿಕಾ ನಗರದಲ್ಲಿ ಜಿನಾಲಯವೊಂದನ್ನು ಕಟ್ಟಿಸಿದನು. ತನ್ನ ಆಳ್ವಿಕೆಯ 8ನೆಯ ವರ್ಷದಲ್ಲಿ 33 ನಿವರ್ತನ ಭೂಮಿಯನ್ನು ಯಾಪನೀಯ, ನಿರ್ಗ್ರಂಥ ಮತ್ತು ಕೂರ್ಚಕ ಎಂಬ ಮೂರು ಜೈನ ಪಂಥಗಳಿಗೆ ದಾನವಾಗಿ ಕೊಟ್ಟನು. ನಿವರ್ತನವು ಆ ಕಾಲದ ಭೂಮಾಪನದ ಒಂದು ಅಳತೆ. ವೈದಿಕ ಪರಂಪರೆಯ ಬ್ರಾಹ್ಮಣ ವಂಶದವರೆಂದು ಹೇಳಿಕೊಂಡ ಕದಂಬ ಅರಸರು ಜೈನ ಸಂಘಗಳಿಗೆ ಆಶ್ರಯವಿತ್ತುದಕ್ಕೆ ಈ ಶಾಸನವನ್ನು ಇತಿಹಾಸಕಾರರು ಮುಖ್ಯವಾಗಿ ಉಲ್ಲೇಖಿಸುತ್ತಾರೆ.

ರವಿವರ್ಮ

ಮೃಗೇಶವರ್ಮನ ಮಗ ರವಿವರ್ಮನ ಕಾಲದಲ್ಲಿ ಪಲಾಶಿಕೆಯ ಮಹತ್ವ ತುತ್ತತುದಿಗೇರಿತು. ಕದಂಬ ವಂಶವು ಆಗ ಎರಡು ಶಾಖೆಗಳಾಗಿ ಒಡೆದಿತ್ತು. ರವಿವರ್ಮನು ಇನ್ನೊಂದು ಶಾಖೆಯ ವಿಷ್ಣುವರ್ಮ ಮೊದಲಾದ ಅರಸರನ್ನು ಕೊಂದು, ಕಂಚಿಯ ಅಧಿಪತಿ ಚಂಡದಂಡನನ್ನು ಸೋಲಿಸಿ, ಪಲಾಶಿಕೆಯಲ್ಲಿ ನೆಲೆ ನಿಂತನೆಂದು ಶಾಸನವೊಂದು ಹೇಳುತ್ತದೆ.

ಇದೇ ಅರಸನ ಮತ್ತೊಂದು ಶಾಸನವು ಕಾಕುಸ್ಥವರ್ಮನಿಂದ ಶ್ರುತಕೀರ್ತಿಗೆ ಸಂದ ದತ್ತಿಯು ಆತನ ಮನೆತನದಲ್ಲಿ ಹೇಗೆ ಮುಂದುವರಿಯಿತೆಂಬುದನ್ನು ತಿಳಿಸುತ್ತದೆ. ಅದರ ಆದಾಯದಿಂದ ಪ್ರತಿವರ್ಷ ಎಂಟು ದಿನಗಳ ಜಿನೇಂದ್ರ ಮಹೋತ್ಸವವನ್ನು ನಡೆಸಬೇಕೆಂದೂ ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಆಹಾರ ಒದಗಿಸಬೇಕೆಂದೂ ಅಲ್ಲಿ ವಿಧಿಸಲಾಗಿದೆ. ಜೈನ ಯತಿಗಳು ಮಳೆಗಾಲದಲ್ಲಿ ಸಂಚರಿಸದೆ ಒಂದೇ ಸ್ಥಳದಲ್ಲಿ ತಂಗುವ ಸಂಪ್ರದಾಯ ಇಂದಿಗೂ 'ಚಾತುರ್ಮಾಸ' ಎಂಬ ಹೆಸರಿನಲ್ಲಿ ನಡೆದುಬಂದಿದೆ. ಜಿನಪೂಜೆ ನಡೆಯುವಲ್ಲಿ ನಾಡು ಏಳಿಗೆ ಹೊಂದುತ್ತದೆ, ನಗರಗಳು ಭಯಮುಕ್ತವಾಗಿರುತ್ತವೆ ಎಂಬ ಆಶಯವೂ ಶಾಸನದಲ್ಲಿದೆ.

ರವಿವರ್ಮನ 11ನೆಯ ವರ್ಷದ ಶಾಸನದಲ್ಲಿ ಆತನ ತಮ್ಮ ಭಾನುವರ್ಮನ ಹೆಸರು ಬರುತ್ತದೆ. ಪಂಡರನೆಂಬ ಭೋಜಕನು ಪಲಾಶಿಕೆಯಲ್ಲಿ 15 ನಿವರ್ತನ ಭೂಮಿಯನ್ನು ಕೊಟ್ಟು, ಹುಣ್ಣಿಮೆಗಳಲ್ಲಿ ಜಿನಾಭಿಷೇಕ ನಡೆಯುವಂತೆ ಏರ್ಪಡಿಸಿದನೆಂದು ಅದು ತಿಳಿಸುತ್ತದೆ. ಅರಸರು ಮಾತ್ರವಲ್ಲದೆ ಅಧಿಕಾರಿಗಳೂ ದಾನಿಗಳಾಗಿದ್ದರೆಂಬುದಕ್ಕೆ ಇದು ಉದಾಹರಣೆ.

ಹರಿವರ್ಮ

ರವಿವರ್ಮನ ಮಗ ಹರಿವರ್ಮನ ಎರಡು ಶಾಸನಗಳು ದೊರೆತಿವೆ. 4ನೆಯ ವರ್ಷದ ಶಾಸನದ ಪ್ರಕಾರ, ತನ್ನ ಚಿಕ್ಕಪ್ಪ ಶಿವರಥನ ಸಲಹೆಯ ಮೇರೆಗೆ ಆತನು ವಸುಂತವಾಟಕ ಗ್ರಾಮವನ್ನು ದಾನ ಮಾಡಿದನು. ಇದು ಸಿಂಹ ಸೇನಾಪತಿಯ ಮಗ ಮೃಗೇಶನು ಪಲಾಶಿಕೆಯಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಸಂದಿತು. ಈ ಮೃಗೇಶನು ಮೇಲೆ ಹೇಳಿದ ಅರಸನಲ್ಲ. ಅದೇ ಹೆಸರಿನ ಬೇರೊಬ್ಬ ವ್ಯಕ್ತಿ. 5ನೆಯ ವರ್ಷದಲ್ಲಿ ಸೇಂದ್ರಕ ವಂಶದ ಭಾನುಶಕ್ತಿಯ ಕೋರಿಕೆಯಂತೆ ಮರದೆ ಎಂಬ ಗ್ರಾಮವನ್ನು ಅಹರಿಷ್ಟಿ ಶ್ರಮಣಸಂಘದ ಚೈತ್ಯಾಲಯಕ್ಕೆ ಬಿಟ್ಟುಕೊಡಲಾಯಿತು. ಏಳು ತಾಮ್ರಶಾಸನಗಳ ಸರಣಿ ಇಲ್ಲಿಗೆ ಮುಗಿಯುತ್ತದೆ.

ಮೊದಲ ಹಿನ್ನಡೆ

ಹರಿವರ್ಮನ ನಂತರ ಪಲಾಶಿಕೆಯ ಶಾಖೆಯು ರಾಜಕೀಯವಾಗಿ ಕಣ್ಮರೆಯಾಯಿತು. ಅಧಿಕಾರವು ಕದಂಬರ ಇನ್ನೊಂದು ಶಾಖೆಯ ಕೈಸೇರಿತು. ಇದೇ ಹೊತ್ತಿಗೆ ಮಲಪ್ರಭೆಯ ಕೆಳಕಣಿವೆಯಲ್ಲಿ ಬಾದಾಮಿ ಚಾಲುಕ್ಯರು ಬಲಗೊಂಡರು. 1ನೆಯ ಪುಲಕೇಶಿಯು 543ರಲ್ಲಿ ಬಾದಾಮಿಯ ಬೆಟ್ಟವನ್ನು ಕೋಟೆಯಾಗಿ ಮಾಡಿದನೆಂದು ಅಲ್ಲಿನ ಬಂಡೆಶಾಸನ ಹೇಳುತ್ತದೆ. ಆತನ ಮಗ 1ನೆಯ ಕೀರ್ತಿವರ್ಮನು ಕದಂಬರನ್ನು ಸೋಲಿಸಿದ ವಿಷಯ ಐಹೊಳೆಯ ಶಾಸನದಲ್ಲಿದೆ.

ನಗರವನ್ನು ಸುಟ್ಟ ಅಥವಾ ಕೊಳ್ಳೆ ಹೊಡೆದ ಯಾವ ಸುದ್ದಿಯೂ ಹಲಸಿಯ ತಾಮ್ರಶಾಸನಗಳಲ್ಲಿಲ್ಲ. ಅರಸನ ಆಸ್ಥಾನವಿದ್ದಲ್ಲಿ ಸೇನಾಪತಿಗಳು, ಭೋಜಕರು, ಪಂಡಿತರು, ಯತಿಸಂಘಗಳು ಸೇರಿಕೊಂಡಿದ್ದರು. ಆಸ್ಥಾನವಿಲ್ಲದ ಊರಿಗೆ ಆ ಪೋಷಣೆ ತಪ್ಪಿತು. ಅಧಿಕಾರದ ಕೇಂದ್ರ ಬಾದಾಮಿಗೆ ಸರಿದ ಮೇಲೆ ಪಲಾಶಿಕೆಯು ಮೊದಲಿನ ಸ್ಥಾನವನ್ನು ಕಳೆದುಕೊಂಡುದು ಸಹಜವಾಗಿತ್ತು.

ಗೋವೆಯ ಕದಂಬರ ಕಾಲ

ಸುಮಾರು ನಾಲ್ಕು ಶತಮಾನಗಳ ಬಳಿಕ ಕದಂಬ ಹೆಸರಿನ ಇನ್ನೊಂದು ಮನೆತನ ಗೋವೆಯಲ್ಲಿ ತಲೆಯೆತ್ತಿತು. ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಈ ಅರಸರು ಬನವಾಸಿಯ ಹಿರಿಮೆಯನ್ನು ಮರೆಯದೆ 'ಬನವಾಸಿಪುರವರಾಧೀಶ್ವರ' ಎಂಬ ಬಿರುದನ್ನು ಧರಿಸಿದರು. ಚಂದ್ರಪುರದಿಂದ ಆಳಿದ ಅವರು 11ನೆಯ ಶತಮಾನದಲ್ಲಿ, 1ನೆಯ ಜಯಕೇಶಿಯ ಕಾಲಕ್ಕೆ, ಜುವಾರಿ ನದಿಯ ದಂಡೆಯ ಬಂದರು ಗೋಪಕಪಟ್ಟಣವನ್ನು ರಾಜಧಾನಿ ಮಾಡಿಕೊಂಡರು. ಘಟ್ಟದ ಮೇಲಣ ಅವರ ಮುಖ್ಯ ಪ್ರಾಂತವೇ ಪಲಸಿಗೆ-12000. ಹಲಸಿಯು ಆ ಪ್ರಾಂತದ ಮುಖ್ಯ ಪಟ್ಟಣವಾಗಿ ಮತ್ತೆ ಪ್ರಾಮುಖ್ಯ ಪಡೆಯಿತು.

2ನೆಯ ಜಯಕೇಶಿಯು ಚಾಲುಕ್ಯ ಚಕ್ರವರ್ತಿ 6ನೆಯ ವಿಕ್ರಮಾದಿತ್ಯನ ಮಗಳು ಮೈಲಳದೇವಿಯನ್ನು ವಿವಾಹವಾದನು. ಅವರ ಮಕ್ಕಳಾದ ಶಿವಚಿತ್ತ ಪೆರ್ಮಾಡಿ ಮತ್ತು ವಿಷ್ಣುಚಿತ್ತ ವಿಜಯಾದಿತ್ಯರ ಕಾಲವೇ ಹಲಸಿಯ ಎರಡನೆಯ ಏಳಿಗೆಯ ಕಾಲ. ಹಲಸಿಯ ನರಸಿಂಹ ದೇವಾಲಯದ ಶಾಸನವು ಶಕವರ್ಷದ ಬದಲು ಕಲಿಯುಗದ 4270ನೆಯ ವರ್ಷವನ್ನು, ಅಂದರೆ ಸುಮಾರು 1169ನ್ನು ನಮೂದಿಸುತ್ತದೆ. ಕಲಿಯುಗದ ಗಣನೆಯನ್ನು ಬಳಸುವುದು ಗೋವೆಯ ಕದಂಬರ ಶಾಸನಗಳ ಒಂದು ವಿಶೇಷ. ಪೆರ್ಮಾಡಿಯ ರಾಣಿ ಕಮಲಾದೇವಿಯು ಕಿತ್ತೂರು ಸಮೀಪದ ದೇಗಾಂವಿಯಲ್ಲಿ ಕಟ್ಟಿಸಿದ ಕಮಲನಾರಾಯಣ ದೇವಾಲಯವೂ ಇದೇ ಕಾಲದ್ದು.

ಎರಡನೆಯ ಅವನತಿ

ಹಲಸಿಯ ಎರಡನೆಯ ಇಳಿಕೆಗೆ ಹಲವು ಕಾರಣಗಳು ಸೇರಿಕೊಂಡವು.

ಮೊದಲನೆಯದಾಗಿ, ಗೋವೆಯ ಕದಂಬರ ಸಂಪತ್ತಿಗೆ ಮುಖ್ಯ ಆಧಾರ ಕಡಲ ವ್ಯಾಪಾರ. ಅರಸರ ಗಮನ ಗೋಪಕಪಟ್ಟಣದ ಮೇಲಿದ್ದುದರಿಂದ ಹಲಸಿಯು ಪ್ರಾಂತೀಯ ಕೇಂದ್ರವಾಗಿಯೇ ಉಳಿಯಿತು.

ಎರಡನೆಯದಾಗಿ, ನೆರೆಯಲ್ಲಿ ಬೇರೊಂದು ನಗರ ಬೆಳೆಯಿತು. ಸವದತ್ತಿಯ ರಟ್ಟರು ವೇಣುಗ್ರಾಮವನ್ನು, ಅಂದರೆ ಇಂದಿನ ಬೆಳಗಾವಿಯನ್ನು, ತಮ್ಮ ರಾಜಧಾನಿ ಮಾಡಿಕೊಂಡರು. 4ನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರ ಸುಮಾರಿಗೆ ಕಟ್ಟಿಸಿದ ಕಮಲ ಬಸದಿಯು ಬೆಳಗಾವಿಯ ಕೋಟೆಯಲ್ಲಿ ಇಂದಿಗೂ ಇದೆ. ಒಂದು ಕಾಲಕ್ಕೆ ಪಲಾಶಿಕೆಗೆ ಸಲ್ಲುತ್ತಿದ್ದ ಅರಸರ ಮತ್ತು ಅಧಿಕಾರಿಗಳ ಆಶ್ರಯ ಈಗ ವೇಣುಗ್ರಾಮಕ್ಕೆ ಸಲ್ಲತೊಡಗಿತು.

ಮೂರನೆಯದಾಗಿ, ದೇವಗಿರಿಯ ಸೇವುಣರು ದಕ್ಷಿಣಕ್ಕೆ ವಿಸ್ತರಿಸಿದರು. ಸಿಂಘಣನ ದಂಡನಾಯಕ ಬೀಚಣನು ರಟ್ಟರನ್ನೂ ಕೊಂಕಣದ ಕದಂಬರನ್ನೂ ಅಡಗಿಸಿದನೆಂದು 1238ರ ಹರಳಹಳ್ಳಿ ಶಾಸನ ಹೇಳುತ್ತದೆ. ಅಲ್ಲಿಂದ ಮುಂದೆ ಹಲಸಿಯು ಯಾವ ದೊಡ್ಡ ರಾಜ್ಯಕ್ಕೂ ರಾಜಧಾನಿಯಾಗಲಿಲ್ಲ.

ಸ್ಮಾರಕಗಳು

ಭೂವರಾಹ ನರಸಿಂಹ ದೇವಾಲಯ: ಊರಿನ ಪ್ರಮುಖ ಸ್ಮಾರಕ. ಎದುರುಬದುರಾಗಿರುವ ಎರಡು ಗರ್ಭಗೃಹಗಳು, ಅವುಗಳ ನಡುವೆ ಮಂಟಪ ಇದರ ವಿನ್ಯಾಸ. ಹಂತಹಂತವಾಗಿ ಮೇಲೇರುವ ಪಿರಮಿಡ್ಡಿನಾಕಾರದ ಶಿಖರವು ಕದಂಬ ಶೈಲಿಯ ಗುರುತಾಗಿದೆ. ಇಲ್ಲಿ ವರಾಹ, ನರಸಿಂಹ, ನಾರಾಯಣ ಮತ್ತು ಸೂರ್ಯರ ವಿಗ್ರಹಗಳಿವೆ. ಭೂದೇವಿಯನ್ನು ಎತ್ತಿಹಿಡಿದ ವರಾಹಮೂರ್ತಿಯನ್ನು ವಿಜಯಾದಿತ್ಯನ ಕಾಲದಲ್ಲಿ, 1186-87ರಲ್ಲಿ, ಪ್ರತಿಷ್ಠಾಪಿಸಲಾಯಿತು. ದೇವಾಲಯದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ.

ಇತರ ದೇವಾಲಯಗಳು: ಗೋಕರ್ಣೇಶ್ವರ, ಕಪಿಲೇಶ್ವರ, ಸುವರ್ಣೇಶ್ವರ ಮತ್ತು ಹಾಟಕೇಶ್ವರ ದೇವಾಲಯಗಳು ಹಲಸಿಯಲ್ಲಿವೆ. ಊರಿನ ಸಮೀಪದ ಬೆಟ್ಟದ ಮೇಲೆ ರಾಮತೀರ್ಥವಿದೆ.

ಜೈನ ಬಸದಿ: ಊರಿನಲ್ಲಿ ಕಲ್ಲಿನ ಒಂದು ಹಳೆಯ ಬಸದಿ ಇದೆ. ತಾಮ್ರಶಾಸನಗಳು ಪಲಾಶಿಕೆಯಲ್ಲಿ ಒಂದಕ್ಕಿಂತ ಹೆಚ್ಚು ಜಿನಾಲಯಗಳನ್ನು ಹೆಸರಿಸುವುದರಿಂದ, ಈ ಕಟ್ಟಡವನ್ನು ಅವುಗಳಲ್ಲಿ ಯಾವುದರೊಡನೆ ಗುರುತಿಸುವಾಗಲೂ ಎಚ್ಚರ ಅಗತ್ಯ.

ಮಹತ್ವ

ಹಲಸಿಯ ತಾಮ್ರಶಾಸನಗಳು ಕದಂಬರ ವಂಶಾವಳಿಯನ್ನು ಕಾಕುಸ್ಥವರ್ಮನಿಂದ ಹರಿವರ್ಮನವರೆಗೆ ಐದು ತಲೆಮಾರುಗಳ ಕಾಲ ಹೆಣೆಯಲು ನೆರವಾದವು. ಮುಂದೆ ಅಳಿದುಹೋದ ಯಾಪನೀಯ ಹಾಗೂ ಕೂರ್ಚಕ ಪಂಥಗಳ ಇತಿಹಾಸಕ್ಕೂ ಅವು ಅತ್ಯಂತ ಹಳೆಯ ಆಧಾರಗಳಲ್ಲಿ ಸೇರಿವೆ. ದಾನವಾಗಿ ಕೊಟ್ಟ ಭೂಮಿಯನ್ನು ಮುಂದಿನ ಅರಸರು ಕಸಿದುಕೊಳ್ಳಬಾರದೆಂಬ ಉದ್ದೇಶದಿಂದ ಈ ಪತ್ರಗಳನ್ನು ತಾಮ್ರದ ಮೇಲೆ ಕೆತ್ತಲಾಗಿತ್ತು. ಆ ಹೊಲಗಳ ಎಲ್ಲೆಗಳು, ಉತ್ಸವಗಳು, ದಾನ ಪಡೆದ ಸಂಘಗಳು ಇಂದು ಉಳಿದಿಲ್ಲ. ದಾಖಲೆ ಮಾತ್ರ ಉಳಿದಿದೆ. ಬಾವಿಯ ಪಕ್ಕದ ಒಂದು ದಿಬ್ಬದಿಂದ ಇಷ್ಟು ಇತಿಹಾಸ ಹೊರಬಂದಿರುವುದರಿಂದ, ಹಲಸಿಯ ಗುಡಿಗಳಷ್ಟೇ ಅಲ್ಲದೆ ಊರಿನ ಸುತ್ತಲಿನ ನೆಲ, ದಿಬ್ಬ, ಬಾವಿಗಳ ರಕ್ಷಣೆಯೂ ಕರ್ನಾಟಕದ ಪ್ರಾಚೀನ ಇತಿಹಾಸದ ಅಧ್ಯಯನಕ್ಕೆ ಅವಶ್ಯವಾಗಿದೆ.

ತಲುಪುವ ದಾರಿ

ಬೆಳಗಾವಿ–ಲೋಂಡಾ ರೈಲುಮಾರ್ಗದಲ್ಲಿರುವ ಖಾನಾಪುರವು ಹಲಸಿಗೆ ಅನುಕೂಲವಾದ ರೈಲು ನಿಲ್ದಾಣ. ರಸ್ತೆಯ ಮೂಲಕ ಬರುವವರು ಬೆಳಗಾವಿಯಿಂದ ಪೀರನವಾಡಿ, ಖಾನಾಪುರ, ನಂದಗಡದ ಮಾರ್ಗವನ್ನು ಅನುಸರಿಸಬಹುದು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ಸ್ಥಳ ಹಾಗೂ ಆತನ ಸಮಾಧಿ ನಂದಗಡದಲ್ಲಿರುವುದರಿಂದ ಎರಡೂ ಊರುಗಳನ್ನು ಒಂದೇ ದಿನದಲ್ಲಿ ನೋಡಬಹುದು.