ಓತಿಕ್ಯಾತಕ್ಕೆ ಬೇಲಿ ಸಾಕ್ಷಿ

ಗಿಂಡಿ ಕಾಡಿನ ಅಂಚಿನ ಐಐಟಿ ಮದ್ರಾಸಿನಲ್ಲಿ ಬೇರೆ ಬೇರೆ ವರ್ಷಗಳಲ್ಲಿ ಓದಿದ ಇಬ್ಬರು 1998ರಲ್ಲಿ ಕ್ಯಾಲಿಫೋರ್ನಿಯಾದ ಎರಡು ಪ್ರಯೋಗಾಲಯಗಳಲ್ಲಿ ಕೂತು ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದರು. ಐಬಿಎಂನಲ್ಲಿ ಪ್ರಭಾಕರ್ ರಾಘವನ್, ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿ ಬೆಂಗಳೂರಿನ ಕೃಷ್ಣ ಭರತ್. ಒಂದೇ ವಿಷಯದ ಮೇಲೆ ಸಾವಿರಾರು ಪುಟಗಳಿದ್ದಾಗ ಯಾವುದನ್ನು ಮೊದಲು ತೋರಿಸಬೇಕು ಎಂಬುದು ಪ್ರಶ್ನೆ.

ಅಲ್ಲಿಯವರೆಗಿನ ಸರ್ಚ್ ಎಂಜಿನ್‌ಗಳು ಬಹುಮಟ್ಟಿಗೆ ಪುಟದೊಳಗಿನ ಪದಗಳನ್ನು ನಂಬುತ್ತಿದ್ದವು. ‘ಸೀರೆ’ ಎಂದು ಐನೂರು ಸಲ ಬರೆದುಕೊಂಡವನೇ ಸೀರೆ ವ್ಯಾಪಾರಿ! ಅದರ ಬದಲು, ಬೇರೆಯವರು ಆ ಪುಟಕ್ಕೆ ಕೊಟ್ಟ ಲಿಂಕುಗಳನ್ನು ತೂಗಬೇಕು ಎಂಬ ವಿಚಾರ ಆಗ ಹಲವೆಡೆ ಒಟ್ಟಿಗೇ ಹುಟ್ಟಿತು. ಸ್ಟ್ಯಾನ್‌ಫರ್ಡಿನಲ್ಲಿ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ರೂಪಿಸಿದ ಪೇಜ್‌ರ‍್ಯಾಂಕ್ ಅದೇ. ರಾಘವನ್ ಇದ್ದ ತಂಡ ಜಾನ್ ಕ್ಲೈನ್‌ಬರ್ಗ್ ಅವರ ಸೂತ್ರವನ್ನು ಬೆಳೆಸುತ್ತಿತ್ತು.

ಆ ಸೂತ್ರದ ತೂತು ಕಂಡವರು ಭರತ್ ಮತ್ತು ಅವರ ಸಹೋದ್ಯೋಗಿ ಮೋನಿಕಾ ಹೆನ್ಜಿಂಗರ್. ಒಂದೇ ತಾಣದ ನೂರು ಪುಟಗಳು ಇನ್ನೊಂದು ತಾಣದ ಒಂದು ಪುಟಕ್ಕೆ ಲಿಂಕ್ ಕೊಟ್ಟರೆ, ಒಬ್ಬನ ಮಾತು ನೂರು ಜನರ ಮಾತಿನಂತೆ ಎಣಿಕೆಯಾಗುತ್ತಿತ್ತು. 1998ರ ಪ್ರಬಂಧದಲ್ಲಿ ಅವರು ಸೂಚಿಸಿದ ಮದ್ದು ಸರಳ: ಅಂಥ ಒಂದೊಂದು ಲಿಂಕಿಗೂ ನೂರನೇ ಒಂದು ಪಾಲು ತೂಕ.

ಮುಂದೆ ಭರತ್, ಜಾರ್ಜ್ ಮಿಹೈಲಾ ಜೊತೆಗೂಡಿ ಹಿಲ್‌ಟಾಪ್ ಎಂಬ ವಿಧಾನ ರೂಪಿಸಿದರು. ಅದರಲ್ಲಿ ಒಂದು ಪುಟ ಮೇಲೆ ಬರಬೇಕಾದರೆ, ಒಂದಕ್ಕೊಂದು ನಂಟಿಲ್ಲದ ಕನಿಷ್ಠ ಎರಡು ಪರಿಣತ ಪುಟಗಳು ಅದನ್ನು ತೋರಿಸಬೇಕು. ನಂಟು ಗುರುತಿಸುವುದು ಹೇಗೆ? ಎರಡು ತಾಣಗಳ ಐಪಿ ವಿಳಾಸದ ನಾಲ್ಕು ಅಂಕಿಗಳಲ್ಲಿ ಮೊದಲ ಮೂರು ಒಂದೇ ಆಗಿದ್ದರೆ, ಇಲ್ಲವೇ ತಾಣದ ಹೆಸರಿನ ಮುಖ್ಯ ಭಾಗ ಒಂದೇ ಆಗಿದ್ದರೆ, ಅವು ಒಂದೇ ಮನೆಯವು. ಹಳ್ಳಿಯ ಪಂಚಾಯಿತಿಗೂ ಗೊತ್ತಿರುವ ನ್ಯಾಯವಿದು. ವಾದಿಯ ಅಣ್ಣತಮ್ಮಂದಿರ ಸಾಕ್ಷಿ ನಡೆಯುವುದಿಲ್ಲ. 1999ರಲ್ಲಿ ಭರತ್ ಗೂಗಲ್ ಸೇರಿದರು.

ಲಿಂಕ್ ಕಟ್ಟುವ ದಂಧೆಯ ಚರಿತ್ರೆಯನ್ನು ಈ ನ್ಯಾಯಕ್ಕೆ ಹಚ್ಚಿ ನೋಡಬಹುದು. ಚೆನ್ನೈನ ಟಿ. ನಗರದ ಸೀರೆ ಅಂಗಡಿಯೊಂದು ತನ್ನ ಜಾಲತಾಣವನ್ನು ಮೇಲೆ ತರಬೇಕು ಎಂದಿಟ್ಟುಕೊಳ್ಳಿ. ಪಕ್ಕದ ಒಡವೆ ಅಂಗಡಿಯ ಜೊತೆ ಲಿಂಕ್ ಅದಲುಬದಲು ಮಾಡಿಕೊಳ್ಳುವುದು ಅಗ್ಗದ ದಾರಿ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ, ಬೇಲಿಗೆ ಓತಿಕ್ಯಾತ ಸಾಕ್ಷಿ. ಡೈರೆಕ್ಟರಿಗಳಲ್ಲಿ ಹೆಸರು ಹಾಕಿಸುವುದು ಇನ್ನೊಂದು. ಮನುಷ್ಯರೇ ಕೂತು ಆರಿಸುತ್ತಿದ್ದ ಡಿಮಾಜ್‌ನಂಥ ಡೈರೆಕ್ಟರಿಯ ಮಾತಿಗೆ ಬೆಲೆಯಿತ್ತು. ದುಡ್ಡು ಕೊಟ್ಟವರನ್ನೆಲ್ಲ ಸೇರಿಸಿಕೊಳ್ಳುವ ಪಟ್ಟಿಗಳು ಬಂದಮೇಲೆ ಆ ಬೆಲೆ ಹೋಯಿತು. ಕಾಮೆಂಟುಗಳಲ್ಲಿ ಲಿಂಕ್ ಅಂಟಿಸುವ ಹಾವಳಿಗೆ 2005ರ ಜನವರಿಯಲ್ಲಿ ‘ನೋಫಾಲೋ’ ಗುರುತು ಬಂತು.

ಮೂರನೆಯದು ತಾನೇ ನಲವತ್ತು ತಾಣ ಹುಟ್ಟಿಸಿ ಎಲ್ಲದರಿಂದಲೂ ಅಂಗಡಿಗೆ ಲಿಂಕ್ ಕೊಡುವುದು. ಭರತ್ ಅವರ ನಿಯಮಕ್ಕೆ ನೇರವಾಗಿ ಸಿಕ್ಕಿಬೀಳುವುದು ಇದೇ. ದಂಧೆಯವರು ಪಾಠ ಕಲಿತರು: ‘ಬೇರೆ ಬೇರೆ ಸಿ-ಕ್ಲಾಸ್ ಐಪಿ’ ಎಂದು ಜಾಹೀರಾತು ಕೊಟ್ಟು ಹೋಸ್ಟಿಂಗ್ ಮಾರತೊಡಗಿದರು. ಸಿ-ಕ್ಲಾಸ್ ಎಂದರೆ ಆ ಮೊದಲ ಮೂರು ಅಂಕಿಗಳೇ. ಸಾಕ್ಷಿಗಳಿಗೆ ಬೇರೆ ಬೇರೆ ಮನೆ ಬಾಡಿಗೆಗೆ ಹಿಡಿದುಕೊಟ್ಟಂತೆ.

ನಂಟೇ ಇಲ್ಲದವರಿಗೆ ದುಡ್ಡು ಕೊಟ್ಟು ಸಾಕ್ಷಿ ಹೇಳಿಸಿದರೆ ಆ ನಿಯಮಕ್ಕೆ ಏನೂ ಕಾಣುವುದಿಲ್ಲ. 2010ರ ಕ್ರಿಸ್‌ಮಸ್ ಹೊತ್ತಿಗೆ ಅಮೆರಿಕದ ಜೆ.ಸಿ. ಪೆನ್ನಿ ಅಂಗಡಿ ಉಡುಪಿನಿಂದ ಹಾಸಿಗೆ ಬಟ್ಟೆಯವರೆಗೆ ಎಷ್ಟೋ ಹುಡುಕಾಟಗಳಲ್ಲಿ ಮೊದಲಿತ್ತು. ಅದಕ್ಕೆ ಸಂಬಂಧವೇ ಇಲ್ಲದ ತಾಣಗಳಿಂದ ಲಿಂಕುಗಳು ಬರುತ್ತಿದ್ದುದನ್ನು 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆಯಿತು. ತಾನು ಒಪ್ಪಿಗೆ ಕೊಟ್ಟಿರಲಿಲ್ಲ ಎಂದಿತು ಕಂಪನಿ. ಗೂಗಲ್ ಅದನ್ನು ಕೆಳಕ್ಕಿಳಿಸಿತು. 2012ರ ಏಪ್ರಿಲ್ 24ರಂದು ಪೆಂಗ್ವಿನ್ ಎಂಬ ಬದಲಾವಣೆ ಬಂದು ಇಂಥ ಎಷ್ಟೋ ತಾಣಗಳು ಕುಸಿದವು. ಅತಿಥಿ ಲೇಖನ ಬರೆದು ಲಿಂಕ್ ಗಿಟ್ಟಿಸುವ ಚಾಳಿಯ ಕತೆ ಮುಗಿಯಿತು ಎಂದು ಗೂಗಲ್‌ನ ಮ್ಯಾಟ್ ಕಟ್ಸ್ 2014ರಲ್ಲಿ ಬರೆದರು.

ಉಳಿದದ್ದು ನಿಧಾನದ ದಾರಿ. ಕಾಂಚೀಪುರದ ಜರಿಯಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ಅಂಗಡಿಯವರು ತಿಳಿದು ಬರೆದರೆ, ನೇಕಾರಿಕೆಯ ಬಗ್ಗೆ ಬರೆಯುವ ಇನ್ನೊಬ್ಬರು ತಾವಾಗಿಯೇ ಅದನ್ನು ತೋರಿಸಬಹುದು. ತೋರಿಸದೆಯೂ ಇರಬಹುದು. ತಿಂಗಳಿಗೆ ಇಷ್ಟು ಲಿಂಕ್ ಎಂದು ಗುತ್ತಿಗೆ ಕೊಡಲಾಗದ ಈ ಒಂದು ದಾರಿಯೇ ಇಷ್ಟು ವರ್ಷ ಬಾಳಿದೆ.

ಆದರೆ ನಂಟಿನ ನಿಯಮಕ್ಕೆ ಸಣ್ಣ ಭಾಷೆಗಳ ಕಷ್ಟ ಕಾಣುವುದಿಲ್ಲ. 2005ರ ಆಚೀಚೆ ಕನ್ನಡದ ಬ್ಲಾಗಿಗರು ಬಹುಪಾಲು ಬ್ಲಾಗ್‌ಸ್ಪಾಟ್ ಮತ್ತು ವರ್ಡ್‌ಪ್ರೆಸ್‌ನ ಉಚಿತ ಜಾಗಗಳಲ್ಲಿ ಬರೆಯುತ್ತಿದ್ದರು. ಪುಟದ ಬದಿಯಲ್ಲಿ ಮೆಚ್ಚಿನ ಬ್ಲಾಗುಗಳ ಪಟ್ಟಿ ಇರುತ್ತಿತ್ತು. ಓದಿ, ಮೆಚ್ಚಿ, ಬಿಡಿಗಾಸೂ ಪಡೆಯದೆ ಕೊಟ್ಟ ಲಿಂಕುಗಳವು. ಹಿಲ್‌ಟಾಪ್‌ನ ನಿಯಮವನ್ನು ಅಕ್ಷರಶಃ ಹಚ್ಚಿದರೆ ಮಂಗಳೂರಿನ ಕವಿ, ಧಾರವಾಡದ ಮೇಷ್ಟರು, ಚೆನ್ನೈನಲ್ಲಿ ಕೆಲಸಕ್ಕಿದ್ದ ಕನ್ನಡಿಗ ಎಲ್ಲರೂ ಬ್ಲಾಗ್‌ಸ್ಪಾಟ್ ಎಂಬ ಒಂದೇ ಮನೆಯವರು.